ಕಾಲರ್ ಹಿಡಿದ ಕೈಯಿಂದ ಕೈ ಮುಗಿಯೋದು ಹೇಗೆ?

ಪ್ರಶ್ನೆ: ನಾನು 36 ವರ್ಷದ ಶಿಕ್ಷಕಿ. ಊರು ಮುಳಬಾಗಿಲು ಕಡೆ. ಮೂರು ತಿಂಗಳ ಹಿಂದೆ ಅಪ್ಪ ಸಂಜೆ ಟಿವಿಎಸ್ ಎಕ್ಸೆಲ್‌ನಲ್ಲಿ ತೋಟದಿಂದ ಬರುವಾಗ ರಸ್ತೆಯಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಟೊಮೆಟೊ ಲೋಡ್ ತುಂಬಿಕೊಂಡು ಕೋಲಾರದ ಮಂಡಿಗೆ ಹೊರಟಿದ್ದ ಟಾಟಾ ಏಸ್ ಹುಡುಗನೊಬ್ಬ ಅವರನ್ನು ಆಸ್ಪತ್ರೆಗೆ ಸೇರಿಸಿದ. ಅಪ್ಪನ ಕೀಪ್ಯಾಡ್ ಫೋನಿನಿಂದ ನಮಗೆ ವಿಷಯ ತಿಳಿಸಿದವನೂ ಅವನೇ. ನಾವು ಓಡಿ ಹೋದಾಗ ಅವನ ಅಂಗಿಯೆಲ್ಲ ರಕ್ತ. ನನ್ನ ತಮ್ಮ ಏನೂ ಕೇಳಲಿಲ್ಲ. 'ಗುದ್ದಿದ್ದು ನೀನೇ ಅಲ್ವಾ' ಅಂತ ಕಾಲರ್ ಹಿಡಿದು ಎರಡೇಟು ಹಾಕಿದ. ಪೊಲೀಸರಿಗೆ ಬರೆದೂ ಕೊಟ್ಟ. ನಾನು ತಡೆಯಲಿಲ್ಲ. 'ಜಾಗಕ್ಕೆ ಅಂತ ಬಾಕ್ಸ್‌ಗಳನ್ನ ರೋಡ್ ಪಕ್ಕ ಇಳಿಸಿ ಬಂದಿದೀನಿ ಸಾರ್, ಹೊತ್ಕೊಂಡ್ ಹೋಗ್ತಾರೆ, ಬಿಡಿ' ಅಂತ ಅವನು ಹೇಳುತ್ತಲೇ ಇದ್ದ. ರಾತ್ರಿಯವರೆಗೂ ಅವನನ್ನು ಠಾಣೆಯಲ್ಲಿ ಕೂರಿಸಿಕೊಂಡರು.

ನಾಲ್ಕು ದಿನದ ಮೇಲೆ ಅಪ್ಪ ಮಾತಾಡಿದರು. 'ನಾಯಿ ಅಡ್ಡ ಬಂತು, ನಾನೇ ಬಿದ್ದೆ. ಯಾರೋ ಹುಡುಗ ಎತ್ತಿಕೊಂಡ' ಅಂದರು. ಈಗ ಚೇತರಿಸಿಕೊಂಡಿದ್ದಾರೆ. 'ಆ ಹುಡುಗನ್ನ ಒಂದ್ಸಲ ಕರ್ಕೊಂಡ್ ಬಾಮ್ಮ, ಊಟ ಹಾಕಬೇಕು' ಅಂತ ದಿನಾ ಕೇಳುತ್ತಾರೆ. ಆವತ್ತು ನಡೆದದ್ದನ್ನು ಅವರಿಗೆ ಹೇಳಿಲ್ಲ. ತಮ್ಮ 'ನಂಬರ್ ಸಿಕ್ಕಿದೆ, ಹತ್ತು ಸಾವಿರ ಫೋನ್‌ಪೇ ಮಾಡಿ ಮುಗಿಸೋಣ' ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ. ಅವನಿಗೆ ಯಾವ ಮುಖ ತೋರಿಸಲಿ?

ಉತ್ತರ:

ಹೋಗಬೇಕು. ತಮ್ಮನ ಜೊತೆಯಲ್ಲೇ ಹೋಗಬೇಕು. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ. ಹೇಗೆ, ಯಾವಾಗ, ಏನು ಹಿಡಿದುಕೊಂಡು ಅನ್ನೋದನ್ನ ಮಾತ್ರ ಮಾತಾಡೋಣ.

ಮೊದಲು ನಿಮ್ಮ ತಮ್ಮನ ಬಗ್ಗೆ. ಅವನು ಮಾಡಿದ್ದು ತಪ್ಪು. ಆದರೆ ಯಾಕೆ ಮಾಡಿದ ಅನ್ನೋದು ಗೊತ್ತಾಗದ ವಿಷಯವೇನಲ್ಲ. ಅಪ್ಪ ಸ್ಟ್ರೆಚರ್ ಮೇಲೆ ಮಾತಿಲ್ಲದೆ ಮಲಗಿದ್ದಾರೆ, ಎದುರಿಗೆ ರಕ್ತ ಮೆತ್ತಿದ ಅಂಗಿಯ ಡ್ರೈವರ್ ನಿಂತಿದ್ದಾನೆ. ಬೇರೆ ಯಾರೂ ಕಾಣದಿದ್ದಾಗ ಸಿಟ್ಟು ಎದುರಿಗಿದ್ದವನ ಮೇಲೆ ತಿರುಗುತ್ತದೆ. ನಮ್ಮ ರಸ್ತೆಗಳಲ್ಲಿ ಇದು ಎಷ್ಟೋ ಸಲ ಆಗಿದೆ. ಆಗುತ್ತದೆ ಅಂತ ಗೊತ್ತಿರುವುದರಿಂದಲೇ ಜನ ಬಿದ್ದವರನ್ನು ಮುಟ್ಟಲು ಹೆದರುತ್ತಾರೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡಾಗಿದ್ದ ಗುಬ್ಬಿಯ ಹರೀಶ್ ಸಹಾಯಕ್ಕೆ ಅಂಗಲಾಚುತ್ತಿದ್ದಾಗ ಜನ ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದರು ಅಂತ ಆಗ ಸುದ್ದಿಯಾಗಿತ್ತು. ತನ್ನ ಕಣ್ಣು ದಾನ ಮಾಡಿ ಅಂತ ಹೇಳಿ ಪ್ರಾಣ ಬಿಟ್ಟ ಹುಡುಗ ಅವನು. ಅವನ ಹೆಸರಲ್ಲೇ ಸರ್ಕಾರ ಆ ವರ್ಷ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡಿಸುವ ಯೋಜನೆ ತಂತು.

ನಿಮ್ಮ ಟಾಟಾ ಏಸ್ ಹುಡುಗನಿಗೂ ಇದೆಲ್ಲ ಗೊತ್ತಿದ್ದೇ ಇರುತ್ತದೆ. ದಿನಾ ರಸ್ತೆ ಮೇಲಿರುವವನಿಗೆ ಗೊತ್ತಿಲ್ಲದೆ ಇರುತ್ತಾ? ಗೊತ್ತಿದ್ದೂ ನಿಲ್ಲಿಸಿದ. ಇನ್ನೊಂದು ವಿಷಯವನ್ನೂ ಸ್ವಲ್ಪ ಯೋಚಿಸಿ. ಟಾಟಾ ಏಸ್ ಹಿಂಬದಿಯಲ್ಲಿ ಟೊಮೆಟೊ ಬಾಕ್ಸ್‌ಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿರುತ್ತಾರೆ. ಒಂದೊಂದು ಬಾಕ್ಸ್ 15 ಕೆಜಿ. ಮನುಷ್ಯನನ್ನು ಮಲಗಿಸಲು ಜಾಗ ಮಾಡಬೇಕು ಅಂದರೆ ಹಗ್ಗ ಬಿಚ್ಚಿ ಸುಮಾರು ಬಾಕ್ಸ್ ಇಳಿಸಬೇಕು. ಕತ್ತಲಾಗುತ್ತಿರುವಾಗ, ರಸ್ತೆ ಬದಿಯಲ್ಲಿ, ಒಬ್ಬನೇ. ಆ ಟೊಮೆಟೊ ಅವನದ್ದಾಗಿರುವ ಸಾಧ್ಯತೆಯೂ ಕಡಿಮೆ. ಯಾರೋ ರೈತರದು, ಇವನು ಬಾಡಿಗೆಗೆ ಹೊರಟವನು. ಬೇರೆಯವರ ಮಾಲನ್ನು ಬೀದಿಯಲ್ಲಿ ಬಿಟ್ಟರೆ ನಾಳೆ ಲೆಕ್ಕ ತಾನೇ ಕೊಡಬೇಕು ಅಂತ ಗೊತ್ತಿದ್ದೂ ಇಳಿಸಿದ್ದಾನೆ.

ಅದಕ್ಕೇ ನಿಮ್ಮ ತಮ್ಮನ ಹತ್ತು ಸಾವಿರ ನನಗೆ ಹಿಡಿಸಲಿಲ್ಲ. ಮೊತ್ತ ಕಡಿಮೆ ಅಂತಲ್ಲ. ಆ ದುಡ್ಡು ಯಾವುದಕ್ಕೆ ಅಂತ ಅವನಿಗೇ ಗೊತ್ತಿಲ್ಲ. ಅಪ್ಪನನ್ನು ಉಳಿಸಿದ್ದಕ್ಕೋ, ಹೊಡೆದದ್ದಕ್ಕೋ, ಟೊಮೆಟೊಗೋ? ಮೂರನ್ನೂ ಕಲಸಿ ಒಂದು ಮೊತ್ತ ಮಾಡಿ ಕಳಿಸಿದರೆ, ಆ ಕಡೆ ಫೋನ್ 'ಟಿಂಗ್' ಅಂದಾಗ ಆ ಹುಡುಗನಿಗೆ ಅನಿಸುವುದು ಒಂದೇ: ಬಾಯಿ ಮುಚ್ಚಿಸಲು ಕೊಟ್ಟಿದ್ದಾರೆ. ನಾಚಿಕೆ ಜಾಸ್ತಿ ಆದಾಗ ಗಂಡಸರು ಬೇಗ ಜೇಬಿಗೆ ಕೈ ಹಾಕುತ್ತಾರೆ. ನಿಮ್ಮ ತಮ್ಮನಿಗೂ ನಿದ್ದೆ ಬರುತ್ತಿಲ್ಲ ಅಂತಲೇ ನನ್ನ ಊಹೆ.

ಮೂರನ್ನೂ ಬೇರೆ ಬೇರೆ ಮಾಡಿ. ಟೊಮೆಟೊ, ಬಾಡಿಗೆ, ಠಾಣೆಯಲ್ಲಿ ಹೋದ ಹೊತ್ತು, ಇವು ನಷ್ಟ. ನಷ್ಟಕ್ಕೆ ಲೆಕ್ಕ ಇದೆ, ಅದನ್ನು ಕಟ್ಟಿಕೊಡಿ. ನೀವೇ ಅಂದಾಜು ಮಾಡಬೇಡಿ, ಅವನನ್ನು ಕೇಳಿ. ಟೊಮೆಟೊ ರೇಟು ನಿಮಗೆ ಹೇಳಬೇಕಾ? 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಬೆಲೆ ಬಿದ್ದ ವರ್ಷ ಅದೇ ಹಣ್ಣನ್ನು ರಸ್ತೆಗೆ ಸುರಿದು ಹೋಗುತ್ತಾರೆ. ಹಾಗಾಗಿ ಎಷ್ಟು ಬಾಕ್ಸ್ ಹೋಯಿತು, ಆ ವಾರ ಮಂಡಿಯಲ್ಲಿ ಏನು ರೇಟಿತ್ತು, ಮಾಲಿನವರಿಗೆ ಅವನು ಕೈಯಿಂದ ಎಷ್ಟು ಕೊಟ್ಟ, ಖಾಲಿ ಬಾಕ್ಸಿಗೂ ದುಡ್ಡು ಕಟ್ಟಿದನಾ, ಎಲ್ಲಾ ಕೇಳಿ. 'ಏನೂ ಬೇಡ ಬಿಡಿ ಮೇಡಂ' ಅನ್ನಬಹುದು. ಆಗ 'ಇದು ನಾವು ಕೊಡುತ್ತಿರುವ ಬಹುಮಾನ ಅಲ್ಲಪ್ಪ, ನಮ್ಮಿಂದ ನಿನಗಾದ ನಷ್ಟ, ಇಷ್ಟನ್ನು ತಗೋಬೇಕು' ಅಂತ ಹೇಳಿ. ಲೆಕ್ಕ ಹನ್ನೆರಡು ಸಾವಿರದ ಮುನ್ನೂರು ಆದರೆ ಹನ್ನೆರಡು ಸಾವಿರದ ಮುನ್ನೂರೇ ಕೊಡಿ. ಹದಿನೈದು ಸಾವಿರ ಮಾಡಿ ದೊಡ್ಡತನ ತೋರಿಸಬೇಡಿ.

ಅಪ್ಪನನ್ನು ಉಳಿಸಿದ್ದಕ್ಕೆ ದುಡ್ಡು ಎತ್ತಲೇಬೇಡಿ. ಆ ಋಣ ತೀರುವುದಲ್ಲ, ತೀರಿಸಲು ಹೋಗಲೂ ಬಾರದು. ಅದು ಅಪ್ಪನಿಗೆ ಸೇರಿದ್ದು. ಊಟ ಹಾಕಬೇಕು ಅಂತ ಅವರು ಆಗಲೇ ದಾರಿ ಹೇಳಿದ್ದಾರೆ.

ಇನ್ನು ಏಟು. ಇದು ತಮ್ಮನದು. ಅವನ ಬಾಯಿಂದಲೇ ಬರಬೇಕು. ನೀವು ಅಕ್ಕ, ಅದರಲ್ಲೂ ಟೀಚರ್, ಅವನ ಪರವಾಗಿ ನೀವೇ ಚೆನ್ನಾಗಿ ಮಾತಾಡಿಬಿಡುತ್ತೀರಿ ಅನ್ನೋ ಭಯ ನನಗಿದೆ. ದಯವಿಟ್ಟು ಬೇಡ. ಅವನು ತಡವರಿಸಲಿ, ಅರ್ಧಕ್ಕೆ ನಿಲ್ಲಿಸಲಿ, ನೆಲ ನೋಡಲಿ. ಸುಮ್ನಿರಿ. ಅವನು ಹೇಳಬೇಕಾದ್ದು ಇಷ್ಟೇ: 'ನಾನು ನಿನ್ನನ್ನ ಕೇಳದೆ ಹೊಡೆದೆ. ನೀನು ನಮ್ಮಪ್ಪನ್ನ ಉಳಿಸಿದ್ದೆ. ತಪ್ಪಾಯ್ತು.' ಇದರ ಹಿಂದೆ 'ಆದ್ರೆ ನಮ್ಮ ಪರಿಸ್ಥಿತಿ ಹಂಗಿತ್ತು' ಅಂತ ಬಾಲ ಸೇರಿಸಬಾರದು. ಪರಿಸ್ಥಿತಿ ಹೇಗಿತ್ತು ಅಂತ ಆ ಹುಡುಗ ಕಣ್ಣಾರೆ ನೋಡಿದ್ದಾನೆ.

ನಿಮ್ಮದೂ ಒಂದು ಮಾತಿದೆ. ಅಷ್ಟು ಉದ್ದದ ಪತ್ರದಲ್ಲಿ ನೀವು ಎರಡೇ ಪದದಲ್ಲಿ ದಾಟಿದ ಜಾಗ ಅದು: 'ನಾನು ತಡೆಯಲಿಲ್ಲ.' ನಿಮ್ಮ ನಿದ್ದೆ ಕೆಡಿಸುತ್ತಿರುವುದು ತಮ್ಮನ ಏಟಿಗಿಂತ ಇದೇ ಅಂತ ನನಗನಿಸುತ್ತದೆ. ಅವನು ಬಾಕ್ಸ್ ಬಗ್ಗೆ ಹೇಳುತ್ತಿದ್ದುದು ನಿಮಗೆ ಕೇಳಿಸುತ್ತಿತ್ತು. ಗುದ್ದಿ ಬಂದವನು ಟೊಮೆಟೊ ಬಾಕ್ಸ್ ಇಳಿಸಿ ಜಾಗ ಯಾಕೆ ಮಾಡುತ್ತಾನೆ ಅನ್ನೋ ಅನುಮಾನ ಆಗಲೇ ಒಂದು ಗಳಿಗೆ ಬಂದಿರಬೇಕು. ಬಂದಿತ್ತು ಅಂತಾದರೆ ಅದನ್ನೂ ಅವನಿಗೆ ಹೇಳಿ. 'ನೀನು ಹೇಳ್ತಿದ್ದುದು ನನಗೆ ಕೇಳಿಸಿತ್ತು, ನಾನು ಸುಮ್ಮನಿದ್ದೆ' ಅನ್ನೋದು ಕಷ್ಟದ ಮಾತು. ಹೇಳಿದ ಮೇಲೆ ಅಳು ಬಂದರೆ ಬರಲಿ. ಆದರೆ ಅವನು ನಿಮ್ಮನ್ನು ಸಮಾಧಾನ ಮಾಡುವ ಹಾಗೆ ಆಗಬಾರದು. 'ಕ್ಷಮಿಸಿದೆ ಅಂತ ಒಂದ್ಸಲ ಹೇಳಪ್ಪ' ಅಂತ ಪಟ್ಟು ಹಿಡಿಯಬೇಡಿ. ಕ್ಷಮಿಸುತ್ತಾನೋ ಬಿಡುತ್ತಾನೋ ಅವನ ಇಷ್ಟ. ಅವನ ತಾಯಿ ಬಾಗಿಲಲ್ಲೇ ನಿಂತು ಬೈಯಬಹುದು. ಬೈಸಿಕೊಳ್ಳಿ. ಮೈಮೇಲೆ ರಕ್ತದ ಕಲೆ ಇಟ್ಟುಕೊಂಡು ಮಧ್ಯರಾತ್ರಿ ಮನೆಗೆ ಬಂದ ಮಗನನ್ನು ನೋಡಿದವರು ಅವರು.

ಇದೆಲ್ಲಕ್ಕೂ ಮೊದಲು ಅಪ್ಪನಿಗೆ ಹೇಳಬೇಕು. ಅವರು ಚೇತರಿಸಿಕೊಂಡಿದ್ದಾರೆ, ದಿನಾ ಕೇಳುತ್ತಿದ್ದಾರೆ. ನೀವು ದಿನಾ ಒಂದೊಂದು ನೆಪ ಹೇಳುತ್ತಿದ್ದೀರಿ. ಹೀಗೆ ಎಷ್ಟು ದಿನ? ಮಂಡಿಗೆ ಹೋಗಿ ಬರುವ ಊರಿನವರು ಯಾರಾದರೂ ಒಂದು ದಿನ ಕಟ್ಟೆ ಮೇಲೆ ಹೇಳಿಯೇ ಹೇಳುತ್ತಾರೆ. ಅದಕ್ಕಿಂತ ನಿಮ್ಮಿಂದ ಕೇಳುವುದು ವಾಸಿ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಸಿಟ್ಟಾಗುತ್ತಾರೆ, ಎರಡು ದಿನ ಮಾತು ಬಿಡಬಹುದು. ಆಮೇಲೆ 'ನಡೀರಿ, ನಾನೂ ಬರ್ತೀನಿ' ಅಂತ ಟವೆಲ್ ಹೆಗಲಿಗೆ ಹಾಕಿಕೊಂಡರೆ ತಡೆಯಬೇಡಿ. ಡಾಕ್ಟರು ಪ್ರಯಾಣ ಬೇಡ ಅಂದಿದ್ದರೆ ಮಾತ್ರ ಮನೆಯಲ್ಲೇ ಇರಲಿ. ಏನೇ ಆದರೂ ಹುಡುಗನನ್ನು ಮೊದಲೇ ನಿಮ್ಮ ಮನೆಗೆ ಊಟಕ್ಕೆ ಕರೆಯಬೇಡಿ. ವಿಷಯ ಗೊತ್ತಿಲ್ಲದ ಅಪ್ಪ ಅವನ ಕೈ ಹಿಡಿದು ಹೊಗಳುತ್ತಿದ್ದಾರೆ, ಪಕ್ಕದಲ್ಲಿ ಹೊಡೆದವನು ಅನ್ನ ಬಡಿಸುತ್ತಿದ್ದಾನೆ. ಆ ಹುಡುಗ ಪಾಪ ಏನು ಮಾಡಬೇಕು? ತುತ್ತು ಗಂಟಲಲ್ಲಿ ಇಳಿಯುತ್ತಾ?

ಒಂದು ಮುಖ್ಯ ಕೆಲಸ ಠಾಣೆಯಲ್ಲೂ ಬಾಕಿ ಇದೆ. ಟಾಟಾ ಏಸ್ ಗುದ್ದಿದೆ ಅಂತ ತಮ್ಮ ಬರೆದುಕೊಟ್ಟಿದ್ದನಲ್ಲ, ಆ ಕಾಗದ ಏನಾಯಿತು? ಅದರ ಮೇಲೆ ಎಫ್‌ಐಆರ್ ಆಗಿದೆಯಾ, ಗಾಡಿ ನಂಬರ್ ಅದರಲ್ಲಿದೆಯಾ, ಹೋಗಿ ವಿಚಾರಿಸಿ. ಬಾಯಿಮಾತಿನಲ್ಲಿ 'ಅದೆಲ್ಲ ಮುಗೀತು' ಅಂದರೆ ನಂಬಿ ಬರಬೇಡಿ. ನಾಯಿ ಅಡ್ಡ ಬಂದು ತಾನೇ ಬಿದ್ದದ್ದು, ಆ ಹುಡುಗ ಸಹಾಯ ಮಾಡಿದವನು ಅಂತ ಅಪ್ಪನ ಹೇಳಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಡ್ರೈವರ್ ಕೆಲಸದವನಿಗೆ ಹೆಸರಿನ ಮೇಲೆ ಒಂದು ಕೇಸು ಇದೆ ಅಂದರೆ ಲೈಸೆನ್ಸ್‌ನಿಂದ ಹಿಡಿದು ಬಾಡಿಗೆವರೆಗೂ ತೊಂದರೆ. ಆ ಸ್ವೀಕೃತಿಯ ಒಂದು ಪ್ರತಿ ಅವನ ಮನೆಗೆ ಹೋಗುವಾಗ ನಿಮ್ಮ ಕೈಯಲ್ಲಿರಲಿ. ಹಣ್ಣು, ಸ್ವೀಟ್ ಬಾಕ್ಸ್‌ಗಿಂತ ಅದೇ ಅವನಿಗೆ ಬೇಕಾದದ್ದು.

ಅಂದ ಹಾಗೆ, ಆವತ್ತು ಅವನು ಆಸ್ಪತ್ರೆಯಲ್ಲಿ ನಿಲ್ಲಲೇಬೇಕಾಗಿರಲಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದವರು ಹೆಸರು ಹೇಳದೆಯೂ ಹೊರಟು ಹೋಗಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಇರುವುದೇ ಇಂಥವರ ರಕ್ಷಣೆಗೆ. ನಮ್ಮ ರಾಜ್ಯವೂ ಇದಕ್ಕಾಗಿ ಪ್ರತ್ಯೇಕ ಕಾನೂನು ಮಾಡಿದೆ. ಅವನಿಗೆ ಇದು ಗೊತ್ತಿತ್ತೋ ಇಲ್ಲವೋ. ಮನೆಯವರು ಬರುವವರೆಗೆ ಕಾದ, ಅಷ್ಟೇ. ನಿಮ್ಮ ಶಾಲೆಯಲ್ಲಿ ದೊಡ್ಡ ಮಕ್ಕಳಿದ್ದರೆ ಈ ಕಾನೂನಿನ ಬಗ್ಗೆ ಒಂದು ಪೀರಿಯಡ್ ಮಾತಾಡಿ. ನಿಮ್ಮ ಕಥೆ ಹೇಳಬೇಕು ಅಂತೇನಿಲ್ಲ.

ಅವನಿಗೆ ಸಿಗಬಹುದಾದ ಇನ್ನೊಂದಿದೆ. ಗಂಭೀರ ಅಪಘಾತದಲ್ಲಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿದವರಿಗೆ ಕೇಂದ್ರ ಸರ್ಕಾರ ಬಹುಮಾನ ಕೊಡುತ್ತದೆ. 2021ರಲ್ಲಿ ಶುರುವಾದಾಗ ಅದು 5,000 ರೂಪಾಯಿ ಇತ್ತು. 2025ರಿಂದ 'ರಾಹ್ ವೀರ್' ಅನ್ನೋ ಹೆಸರಲ್ಲಿ 25,000 ರೂಪಾಯಿ ಆಗಿದೆ, ಜೊತೆಗೆ ಪ್ರಶಂಸಾ ಪತ್ರ. ಪೊಲೀಸರೋ ಆಸ್ಪತ್ರೆಯವರೋ ವರದಿ ಕಳಿಸಿದರೆ ಜಿಲ್ಲಾಧಿಕಾರಿಗಳ ಸಮಿತಿ ತೀರ್ಮಾನ ಮಾಡುತ್ತದೆ. ಅವನು ಒಪ್ಪಿದರೆ ಇದಕ್ಕೆ ಓಡಾಡುವ ಕೆಲಸ ನಿಮ್ಮ ತಮ್ಮನಿಗೆ ಬಿಡಿ. ಯಾವ ಠಾಣೆಯಲ್ಲಿ ಅವನನ್ನು ಆರೋಪಿ ಅಂತ ಕೂರಿಸಿದ್ದರೋ ಅದೇ ಠಾಣೆಗೆ ಹೋಗಿ, 'ಸಾರ್, ನಮ್ಮಪ್ಪನ್ನ ಉಳಿಸಿದ ಹುಡುಗನ ಹೆಸರು ಕಳಿಸಬೇಕಿತ್ತು' ಅಂತ ನಾಲ್ಕು ಸಲ ಕಾಯಲಿ. ಸಿಕ್ಕೇ ಸಿಗುತ್ತದೆ ಅಂತ ಹುಡುಗನಿಗೆ ಈಗಲೇ ಆಸೆ ಹುಟ್ಟಿಸಬೇಡಿ. ಅವನು 'ಪೊಲೀಸ್ ಸಹವಾಸವೇ ಬೇಡ ಮೇಡಂ' ಅಂದರೆ ಅಲ್ಲಿಗೇ ಬಿಡಿ.

ಅವನು ನಿಮ್ಮನ್ನು ನೋಡಲೇ ಒಪ್ಪದೆ ಇರಲೂಬಹುದು. ಆಗ ಅವನ ಊರಿಗೆ ಹೋಗಿ ಹಿರಿಯರನ್ನು ಸೇರಿಸುವುದು, ಯಾರ ಕೈಲೋ ಹೇಳಿಸುವುದು, ಇವು ಬೇಡ. ಒಂದು ಕಾಗದ ಬರೆದು, ಠಾಣೆಯ ಸ್ವೀಕೃತಿಯನ್ನೂ ಅಪ್ಪನ ಫೋನ್ ನಂಬರನ್ನೂ ಜೊತೆಗಿಟ್ಟು ಕಳಿಸಿ. ನಷ್ಟದ ಲೆಕ್ಕ ಅವನು ಹೇಳಿದಾಗ ಕಟ್ಟುತ್ತೇವೆ ಅಂತ ಅದರಲ್ಲೇ ಬರೆಯಿರಿ.

ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಸಂಜೆ ಹೊತ್ತು ಲೋಡ್ ತುಂಬುವ ಸಮಯ, ಬೆಳಿಗ್ಗೆ ಮಂಡಿ. ಅವನಿಗೆ ಬಿಡುವಿರುವುದು ಮಧ್ಯಾಹ್ನವೇ ಇರಬೇಕು.