ಸ್ಯಾಂಪಲ್ 7ರ ಪಕ್ಕದ ಪ್ರಶ್ನೆಚಿಹ್ನೆ

ನಮಸ್ಕಾರ.

ಲಾಲ್‌ಬಾಗ್‌ನಿಂದ ರಾಮನಗರದವರೆಗಿನ ನಿಮ್ಮ ಫೀಲ್ಡ್‌ವರ್ಕ್ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂಬತ್ತು ಪುಟಗಳಲ್ಲಿ ಮೊದಲ ನಾಲ್ಕು ಬರೀ ಪಾಠ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಲ್ಲ ಹೈಸ್ಕೂಲ್ ಪುಸ್ತಕದಲ್ಲೇ ಇದೆ, ಅಲ್ವಾ? ನೀವು ಲಾಲ್‌ಬಾಗ್ ಮುಟ್ಟುವ ಹೊತ್ತಿಗೆ ಓದುಗರು ಕಾಫಿಗೆ ಎದ್ದಿರುತ್ತಾರೆ. ನಾಲ್ಕನ್ನೂ ತೆಗೆಯಿರಿ.

ಇನ್ನು ‘ಕೆಂಪೇಗೌಡ ಗೋಪುರದ ಕೆಳಗಿನ ಕಪ್ಪು ಗ್ರಾನೈಟ್ ಬಂಡೆ’. ಇಷ್ಟರಲ್ಲೇ ಎರಡು ತಪ್ಪು. ಅದು ನೈಸ್, ಅಂದರೆ ಪಟ್ಟಿ ಪಟ್ಟಿಯಾಗಿರುವ ರೂಪಾಂತರ ಶಿಲೆ. ಸುಮಾರು 300 ಕೋಟಿ ವರ್ಷ ಹಳೆಯದು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಪೆನಿನ್ಸುಲರ್ ನೈಸ್ ಎಂದು ಕರೆದದ್ದು ಈ ಕಲ್ಲನ್ನೇ. ಅಲ್ಲೇ ಫಲಕವೂ ಇದೆ. ಕಪ್ಪು ಅನ್ನುವುದೂ ಸರಿಯಲ್ಲ. ಮಳೆನೀರು ಹರಿದು, ಪಾಚಿ ಒಣಗಿ ಮೈ ಕರ್ರಗಾಗಿದೆ ಅಷ್ಟೆ. ಒಳಗೆ ಬೂದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಸುತ್ತಿಗೆ ತಾಗಿಸುವ ಹಾಗಿಲ್ಲ. ಆದರೆ ಜನ ಓಡಾಡಿ ಸವೆದ ಕಡೆ ಕೂತು ನೋಡಿದ್ದರೆ ಸಾಕಿತ್ತು. ಬಿಳಿ ಪಟ್ಟಿಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಅನ್ನುವ ಖನಿಜಗಳು. ಕರಿ ಪಟ್ಟಿಯಲ್ಲಿ ಕರಿ ಕಾಗೆಬಂಗಾರ, ಅಂದರೆ ಬಯೊಟೈಟ್. ಪಟ್ಟಿಗಳನ್ನು ಕಂಡಿದ್ದರೆ ಗ್ರಾನೈಟ್ ಅಂತ ಬರೆಯಲು ನಿಮಗೇ ಕೈ ಬರುತ್ತಿರಲಿಲ್ಲ.

ಹೆಸರು ಮೊದಲು ಬಂತು, ಕಲ್ಲು ಆಮೇಲೆ. ಇಡೀ ಲೇಖನದ ತೊಂದರೆ ಇದೇ. ತಮಾಷೆ ಅಂದರೆ, ಜೊತೆಗೆ ಕಳಿಸಿದ ನೋಟ್‌ಬುಕ್ ಪುಟದ ಫೋಟೋದಲ್ಲಿ ನೀವು ಈ ತಪ್ಪು ಮಾಡಿಲ್ಲ! ‘ರಾಮನಗರ, ಸ್ಯಾಂಪಲ್ 7. ಹೊರಗೆ ಕಂದು. ಒಡೆದ ಮುಖ ಗುಲಾಬಿ, ಬೂದು. ಗುಲಾಬಿ ಹರಳು ಹೆಬ್ಬೆರಳ ಉಗುರಿನಷ್ಟು, ಬಿಸಿಲಿಗೆ ತಿರುಗಿಸಿದರೆ ಸಪಾಟಾಗಿ ಹೊಳೆಯುತ್ತದೆ. ಚಾಕುವಿಗೆ ಗೀರು ಬೀಳಲಿಲ್ಲ. ಪಟ್ಟಿ ಇಲ್ಲ. ಗ್ರಾನೈಟ್?’

ಎಷ್ಟು ಚೆನ್ನಾಗಿದೆ! ಕಲ್ಲು ನನ್ನ ಕೈಯಲ್ಲೇ ಇದ್ದ ಹಾಗಾಯಿತು. ಇದೇ ಕಲ್ಲು ಲೇಖನದಲ್ಲಿ ‘ಮನಮೋಹಕ ಗ್ರಾನೈಟ್ ಶಿಲೆಯ ವಿಹಂಗಮ ನೋಟ’ ಆಗಿಬಿಟ್ಟಿದೆ. ಆ ಪ್ರಶ್ನೆಚಿಹ್ನೆ ಎಲ್ಲಿ ಹೋಯಿತು? ಬಣ್ಣ, ಹರಳಿನ ಗಾತ್ರ, ಗಡಸುತನ ಒಂದೊಂದಾಗಿ ನೋಡುತ್ತಾ ಹೆಸರಿನ ಹತ್ತಿರ ಬಂದಿರಲ್ಲ, ಓದುಗರನ್ನೂ ಹಾಗೇ ಕರೆದುಕೊಂಡು ಬನ್ನಿ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ, ಅದರಿಂದಲೇ ಇದು ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು ಅನ್ನುವುದನ್ನೆಲ್ಲ ಆಮೇಲೆ ಹೇಳಬಹುದು.

ನಮ್ಮ ಓದುಗರಿಗೆ ಗ್ರಾನೈಟ್ ಅಂದರೆ ಅಡುಗೆಮನೆ ಕಟ್ಟೆ. ಅಂಗಡಿಯಲ್ಲಿ ‘ಕರಿ ಗ್ರಾನೈಟ್’ ಅಂತ ಮಾರುವುದು ಎಷ್ಟೋ ಸಲ ಡೋಲರೈಟ್ ಇಲ್ಲವೇ ಗ್ಯಾಬ್ರೊ ಅನ್ನುವ ಬೇರೆಯದೇ ಅಗ್ನಿಶಿಲೆ. ಇದನ್ನು ಎರಡು ಸಾಲು ಸೇರಿಸಿ. ನಮ್ಮ ಮನೆಯ ಕಟ್ಟೆಯನ್ನೂ ಈಗ ಅನುಮಾನದಿಂದ ನೋಡುತ್ತಿದ್ದೇನೆ.

ಎಂಟನೇ ಪುಟದಲ್ಲಿ ಒಂದು ಘಟನೆಯನ್ನು ಸುಮ್ನೆ ಮೂರು ಸಾಲಲ್ಲಿ ಮುಗಿಸಿದ್ದೀರಿ. ನಂಬರ್ ಹಾಕದೆ ಎರಡು ಕಲ್ಲನ್ನು ಒಂದೇ ಪೇಪರ್‌ನಲ್ಲಿ ಸುತ್ತಿದ್ದು, ಬಸ್ಸಿನಲ್ಲಿ ಮೇಷ್ಟ್ರು ‘ಯಾವುದು ಎಲ್ಲಿಯದಪ್ಪ?’ ಅಂದಾಗ ನೀವು ತಡವರಿಸಿದ್ದು, ಅವರು ಎರಡನ್ನೂ ರಸ್ತೆ ಬದಿಗೆ ಇಟ್ಟು ಬಂದದ್ದು. ಲೇಖನ ಇಲ್ಲಿಂದಲೇ ಶುರುವಾಗಲಿ. ಆ ಹೊತ್ತು ನಿಮ್ಮ ಮುಖ ಹೇಗಾಗಿತ್ತು ಅಂತಲೂ ಬರೆಯಿರಿ, ನಾಚಿಕೆ ಬೇಡ.

1200 ಪದ ಸಾಕು. ನೋಟ್‌ಬುಕ್ ಪುಟದ ಫೋಟೋ ಇನ್ನೊಮ್ಮೆ ತೆಗೆದು ಕಳಿಸಿ. ಸ್ಯಾಂಪಲ್ 9ರ ಮೇಲೆ ಕಾಫಿ ಚೆಲ್ಲಿದೆ, ಓದಲಾಗುತ್ತಿಲ್ಲ.