ಗುಡ್ಡ ಕುಸಿದು ಮನೆ ಹೋಗಿ ಒಂದು ವರ್ಷ ಆಯ್ತು, ಈಗ್ಲೂ ಜೋರು ಮಳೆ ಬಂದ್ರೆ ಅಮ್ಮ ರಾತ್ರಿ ಎದ್ದು ಕೂರ್ತಾರೆ, ಏನ್ ಮಾಡ್ಲಿ?

ನಮ್ಮನೇಲೂ ಇದೇ ಕಥೆ. ನಮ್ದು ಮಡಿಕೇರಿ ಹತ್ರ ಮಕ್ಕಂದೂರು ಕಡೆ, 2018ರ ಆಗಸ್ಟಲ್ಲಿ ಬರೆ (ಗುಡ್ಡದ ಇಳಿಜಾರು) ಜರಿದು ಅರ್ಧ ತೋಟ, ಕೊಟ್ಟಿಗೆ, ಅಡುಗೆ ಮನೆ ಎಲ್ಲಾ ಹೋಯ್ತು, ಜೀವ ಒಂದು ಉಳೀತು. ನಾನಾಗ ಮೈಸೂರಲ್ಲಿ ಕೆಲಸದಲ್ಲಿದ್ದೆ, ರೋಡಿಲ್ಲ, ಫೋನ್ ಹೋಗ್ತಿಲ್ಲ, ಎರಡು ದಿನ ಆದ್ಮೇಲೆ ಅಪ್ಪ ಅಮ್ಮ ಗಂಜಿ ಕೇಂದ್ರದಲ್ಲಿ ಸಿಕ್ಕಿದ್ದು.

ಅಲ್ಲಿದ್ದಾಗ ಅಮ್ಮ ಒಂದು ಹನಿ ಅತ್ತಿಲ್ಲ ಕಣ್ರೀ. ಊಟದ ಕ್ಯೂ, ಅರ್ಜಿ, ಆಧಾರ್ ಜೆರಾಕ್ಸ್, ಬಂದೋರಿಗೆಲ್ಲ ಅದೇ ಕಥೆ ಹೇಳೋದು, ಇದ್ರಲ್ಲೇ ದಿನ ಹೋಗ್ತಿತ್ತು. ಅಮ್ಮ ಮನಸ್ಸಲ್ಲಿ ಕುಸಿದಿದ್ದು ಮುಂದಿನ ಜೂನಲ್ಲಿ, ಬಾಡಿಗೆ ಮನೆ ಶೀಟ್ ಮೇಲೆ ಮೊದಲ ಜೋರು ಮಳೆ ಬಿದ್ದ ರಾತ್ರಿ. ಆಗಿದ್ದು ಆಯ್ತಲ್ಲ ಮರ್ತ್ಬಿಡಿ ಅಂತ ನೆಂಟರೆಲ್ಲ ಹೇಳೋರು, ನಾನೂ ಹೇಳಿದೀನಿ, ದಯವಿಟ್ಟು ನೀವದನ್ನ ಹೇಳ್ಬೇಡಿ. ಆ ವರ್ಷನೇ ಆಗಸ್ಟಲ್ಲಿ ವಿರಾಜಪೇಟೆ ಕಡೆ ತೋರದಲ್ಲಿ ಮತ್ತೆ ಬರೆ ಜರೀತು, ಅಮ್ಮನ ಭಯ ಸುಳ್ಳು ಅಂತ ಯಾವ ಬಾಯಲ್ಲಿ ಹೇಳೋದು?

ಆಮೇಲೆ ನಾವು ಧೈರ್ಯ ಹೇಳೋದು ಬಿಟ್ವಿ. ಆರ್‌ಟಿಸಿ, ಪಾಸ್‌ಬುಕ್, ಬಿಪಿ ಮಾತ್ರೆ, ಟಾರ್ಚ್ ಒಂದು ಬ್ಯಾಗಿಗೆ ಹಾಕಿ ಬಾಗಿಲ ಹತ್ರ ಇಟ್ವಿ, ಮಳೆ ಜಾಸ್ತಿ ಆದ್ರೆ ಯಾರ ಮನೆಗೆ ಹೋಗೋದು ಅಂತ ಅಮ್ಮನ ಹತ್ರನೇ ಹೇಳಿಸ್ದೆ. ಇನ್ನೊಂದು, ನಮ್ ಕಡೆ ತೋಟದೋರಿಗೆ ಮಳೆ ಲೆಕ್ಕ ಸೆಂಟಲ್ಲಿ, ನೂರು ಸೆಂಟ್ ಅಂದ್ರೆ ಒಂದಿಂಚು. ಅಪ್ಪ ವರ್ಷಗಟ್ಲೆ ಬರೆದಿಟ್ಟ ಬುಕ್ ಮಣ್ಣಲ್ಲಿ ಹೋಗಿತ್ತು, ಹೊಸ ಬುಕ್ಕು, ಮಳೆ ಅಳೆಯೋ ಡಬ್ಬ ತಂದ್ಕೊಟ್ರೆ ಅಪ್ಪ ಮುಟ್ಲೇ ಇಲ್ಲ. ಬರೆಯೋಕೆ ಶುರು ಮಾಡಿದ್ದು ಅಮ್ಮ! ಈಗ ರಾತ್ರಿ ಎಚ್ಚರ ಆದ್ರೆ ನಿನ್ನೆ ಎಂಬತ್ತು ಸೆಂಟ್ ಅಷ್ಟೇ ಅಲ್ವಾ ಅಂತ ತಾವೇ ಹೇಳ್ಕೊಂಡು ಮಲಗ್ತಾರೆ, ಕೆಲವು ದಿನ ಮಲಗಲ್ಲ.

ಟಿವಿ ಬಗ್ಗೆ ಮಾತ್ರ ಹುಷಾರು. 2024ರಲ್ಲಿ ವಯನಾಡಲ್ಲಿ ಆದಾಗ ಇಡೀ ದಿನ ಅದನ್ನೇ ನೋಡಿ ಅಮ್ಮ ಊಟ ಬಿಟ್ರು, ನಾನು ಕೇಬಲ್ಲೇ ಕಿತ್ತೆ.

ಮೊದಲ ಕೆಲವು ವಾರ ನಿದ್ದೆ ಬರದೇ ಇರೋದು, ಬೆಚ್ಚಿ ಬೀಳೋದು ತುಂಬಾ ಜನಕ್ಕೆ ಆಗತ್ತೆ, ಹೆಚ್ಚಿನೋರಿಗೆ ತಾನಾಗೇ ಕಮ್ಮಿನೂ ಆಗತ್ತೆ. ನಿಮ್ಮಮ್ಮಂಗೆ ವರ್ಷ ಆಗಿದೆ, ಇನ್ನು ಕಾಯ್ಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು, ರಾತ್ರಿನೂ ಇರತ್ತೆ. ಜಿಲ್ಲಾಸ್ಪತ್ರೇಲಿ ಮಾನಸಿಕ ತಜ್ಞರನ್ನೂ ಕೇಳಿ. ನಂಗೇನು ಹುಚ್ಚಾ ಅಂದ್ರು ನಮ್ಮಮ್ಮ, ನಿದ್ದೆ ಡಾಕ್ಟ್ರು ಅಂತ ಸುಳ್ಳು ಹೇಳಿ ಕರ್ಕೊಂಡ್ಹೋದೆ.

ಅದ್ಸರಿ, ನೀವ್ ನಿದ್ದೆ ಮಾಡ್ತಿದೀರಾ? ನಾನು ಆವತ್ತು ಊರಲ್ಲಿರ್ಲಿಲ್ಲ ಅನ್ನೋದನ್ನ ಆ ಡಾಕ್ಟ್ರ ಹತ್ರ ಹೇಳ್ಕೊಳೋಕೆ ನಂಗೆ ಮೂರು ವರ್ಷ ಬೇಕಾಯ್ತು.