ಕರುಳಿನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ವ್ಯಾಯಾಮದಿಂದ ನಿಜವಾಗಿ ಉಪಯೋಗ ಇದೆಯಾ?

ಕೀಮೋ ಮುಗಿದು ಎರಡು ತಿಂಗಳಾಯಿತು, ಡಾಕ್ಟರ್ ನಡೆಯಿರಿ ಅಂತಾರೆ, ಮನೆಯವರು ಮಲಗಿರು ಅಂತಾರೆ, ಯಾರ ಮಾತು ಕೇಳಲಿ ಎಂದು ಬರೆದಿದ್ದೀರಿ. ಡಾಕ್ಟರ್ ಮಾತು ಕೇಳಿ. ನನಗೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು, ಮೂರನೇ ಹಂತ. ಆಪರೇಷನ್ ಆಯಿತು, ಆಮೇಲೆ ಆರು ತಿಂಗಳು ಕೀಮೋ. ಅದು ಮುಗಿದಾಗ ಹತ್ತು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದೆ.

ಇರೋ ಸುಸ್ತಿಗೆ ನಡೆದರೆ ಇನ್ನೂ ಜಾಸ್ತಿ ಆಗುತ್ತೆ ಅಂತ ಅನ್ನಿಸುತ್ತೆ ಅಲ್ವಾ? ನನಗೆ ಆದದ್ದು ಉಲ್ಟಾ. ಮೊದಲ ವಾರ ದಿನಕ್ಕೆ ಐದೇ ನಿಮಿಷ ನಡೆದೆ, ಆಮೇಲೆ ಒಂದೆರಡು ನಿಮಿಷ ಸೇರಿಸುತ್ತಾ ಹೋದೆ, ಮೂರು ತಿಂಗಳಿಗೆ ಅರ್ಧ ಗಂಟೆ ಬಿರುಸಾಗಿ ನಡೆಯುವಷ್ಟಾದೆ. ರಾತ್ರಿ ನಿದ್ದೆ ಬರತೊಡಗಿತು.

ನನ್ನೊಬ್ಬನ ಅನುಭವ ಸಾಲದು, ಒಪ್ಪುತ್ತೇನೆ. 2025ರಲ್ಲಿ ‘ಚಾಲೆಂಜ್’ ಎಂಬ ಅಧ್ಯಯನದ ಫಲಿತಾಂಶ ಬಂತು. ಕೊಲೊನ್ (ದೊಡ್ಡ ಕರುಳು) ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎರಡೂ ಮುಗಿಸಿದ 889 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಆರೋಗ್ಯದ ಮಾಹಿತಿ ಪುಸ್ತಿಕೆ ಮಾತ್ರ, ಇನ್ನೊಂದಕ್ಕೆ ಅದರ ಜೊತೆ 3 ವರ್ಷ ತರಬೇತುದಾರರ ಸಹಾಯ. ಎಂಟು ವರ್ಷದ ಲೆಕ್ಕದಲ್ಲಿ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ ಸುಮಾರು 90 ಜನ ಬದುಕಿದ್ದರು, ಇನ್ನೊಂದರಲ್ಲಿ 83. ಕ್ಯಾನ್ಸರ್ ಮರುಕಳಿಸಿದ್ದೂ ಕಡಿಮೆ. ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಅವರ ಗುರಿ ಮುಟ್ಟಬಹುದಿತ್ತು, ಜಿಮ್ಮೇ ಬೇಕು ಅಂತೇನಿಲ್ಲ. ಆದರೆ ಇದು ಕೀಮೋ ಬದಲಿಗೆ ಅಲ್ಲ, ಕೀಮೋ ಆದ ಮೇಲೆ. ಗುದನಾಳದ ಕ್ಯಾನ್ಸರ್ ಇದ್ದವರು ಆ ಅಧ್ಯಯನದಲ್ಲಿ ಇರಲಿಲ್ಲ, ಅದನ್ನೂ ನೆನಪಿಡಿ.

ಪುಸ್ತಿಕೆ ಎರಡೂ ಗುಂಪಿಗೆ ಸಿಕ್ಕಿತ್ತು, ವ್ಯತ್ಯಾಸ ಮಾಡಿದ್ದು ಬೆನ್ನು ಹತ್ತಿ ಮಾಡಿಸುವ ಒಬ್ಬ ಮನುಷ್ಯ. ಹಾಗಾಗಿ ನಿಮ್ಮನ್ನು ಮಲಗಿಸುತ್ತಿರುವ ಮನೆಯವರನ್ನೇ ಜೊತೆಗೆ ಕರೆದುಕೊಂಡು ಹೊರಡಿ.

ಕೀಮೋದಲ್ಲಿ ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ತಗೊಂಡಿದ್ದರೆ ಪಾದ ಜೋಮು ಹಿಡಿದಂತೆ ಇರಬಹುದು. ನನ್ನ ಕಾಲುಚೀಲ ಮಡಚಿಕೊಂಡು ಹೆಬ್ಬೆರಳ ಕೆಳಗೆ ದೊಡ್ಡ ಬೊಬ್ಬೆ ಎದ್ದಿತ್ತು, ಶೂ ಬಿಚ್ಚುವ ತನಕ ನನಗೆ ಗೊತ್ತೇ ಆಗಲಿಲ್ಲ. ಅವತ್ತಿನಿಂದ ನಡೆದು ಬಂದ ಕೂಡಲೇ ಎರಡೂ ಪಾದ ತಿರುಗಿಸಿ ನೋಡುತ್ತೇನೆ, ನೀವೂ ನೋಡಿ. ಹೊಟ್ಟೆಯ ಮೇಲೆ ಸ್ಟೋಮಾ ಚೀಲ (ಮಲ ಹೊರಬರಲು ಮಾಡಿದ ರಂಧ್ರಕ್ಕೆ ಹಾಕುವ ಚೀಲ) ಇದ್ದರೆ ಭಾರ ಎತ್ತುವ ಮೊದಲು ಸರ್ಜನ್ ಹತ್ತಿರ ಕೇಳಲೇಬೇಕು, ಅಲ್ಲಿ ಹರ್ನಿಯಾ ಆಗುವ ಅಪಾಯ ಇರುತ್ತೆ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಡಾಕ್ಟರಿಗೆ ಹೇಳಿ.